ದೊಡ್ಡಮ್ಮನಿಗೆ ಓದಿ ಹೇಳಿದ್ದು

ಜನವರಿ 12

ಅಣ್ಣಾ,

ಗಾಬರಿಯಾಗಬೇಡ. ದೊಡ್ಡಮ್ಮ ಈಗ ಎದ್ದು ಕೂತಿದ್ದಾರೆ, ಎಂದಿನಂತೆ ಬೈಯುತ್ತಿದ್ದಾರೆ. ಹೋದ ಮಂಗಳವಾರ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು ನಿಂತಲ್ಲೇ ಕುಸಿದರು. ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ಉಳಿದು ಬೆನ್ನಿನ ಭಾಗ ಪೂರ್ತಿ ಸುಟ್ಟುಹೋಯಿತು. ಎಚ್ಚರ ಬಂದ ಕೂಡಲೇ ಅವರು ಕೇಳಿದ್ದು, "ಅಂಗಿ ಯಾರ್ದು?"

ಇಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯದಿಂದ ರಕ್ತ ಹೊರಗೆ ಹರಿಯುವ ಕಡೆಯ ಕವಾಟ ಕಿರಿದಾಗಿದೆಯಂತೆ, ತೆಗೆದು ಬೇರೆ ಕೂರಿಸಬೇಕಂತೆ. ಅಚ್ಚಿನ ಪ್ರೆಸ್ಸಿನಲ್ಲಿ ದಿನವೂ ಔಷಧಿ ಡಬ್ಬಿಯೊಳಗಿನ ಚೀಟಿಗಳ ಕರಡು ತಿದ್ದುವವಳು ನಾನು. ಈ ಪದಗಳೆಲ್ಲ ನನಗೆ ಕಾಗುಣಿತವಾಗಿ ಗೊತ್ತಿದ್ದವು; ಮನೆಯವರ ಕಾಯಿಲೆಯಾಗಿ ಈಗಷ್ಟೇ ಪರಿಚಯ. ವರದಿಗಳನ್ನೆಲ್ಲ ಇದರ ಜೊತೆ ಇಟ್ಟಿದ್ದೇನೆ.

ದೊಡ್ಡಮ್ಮನ ತೀರ್ಮಾನ ಆಗಲೇ ಆಗಿದೆ. "ಎದೆ ಕುಯ್ಯೋದೇ ಆದ್ರೆ ನನ್ನ ದೊರೆ ಕುಯ್ಲಿ. ಊರೋರ ಎದೆಯೆಲ್ಲ ರಿಪೇರಿ ಮಾಡ್ತಾನೆ, ನಾನೇನು ಬೀದೀಲಿ ಬಿದ್ದಿದೀನಾ?" ಅಪ್ಪ ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಆ ಇಸ್ತ್ರಿ ಮೇಜಿನ ಕೆಳಗೆ ಮಲಗಿಸಿ ಬೆಳೆಸಿದವರು. ಹೆತ್ತಿಲ್ಲ ಎನ್ನುವುದನ್ನು ಅವರೂ ಮರೆತಿದ್ದಾರೆ, ಗಿರಾಕಿಗಳೂ ಮರೆತಿದ್ದಾರೆ.

ಫೋನ್ ಮಾಡಿದ್ದೆ. ನಿನ್ನ ಸಹಾಯಕಿ ಎತ್ತಿಕೊಂಡು "ರೋಗಿಯ ಹೆಸರು?" ಅಂದರು. ತಂಗಿ ಅಂದೆ. ವಯಸ್ಸೆಷ್ಟು ಎಂದು ಕೇಳಿದರು. ಇಟ್ಟುಬಿಟ್ಟೆ. ನನ್ನ ಸಂಕೋಚ ನಿನಗೆ ಗೊತ್ತಲ್ಲ. ದೊಡ್ಡಮ್ಮನಿಗೂ ಪತ್ರವೇ ಬೇಕು. ಅಕ್ಷರ ಬಾರದವರಿಗೆ ಪತ್ರದ ಮೇಲೆ ಇಷ್ಟು ಮೋಹ ಯಾಕೋ. ನಿನ್ನ ಪತ್ರ ಬಂದರೆ ಗಿರಾಕಿಗಳು ಇರುವ ಹೊತ್ತು ನೋಡಿಕೊಂಡು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಓದಿಸುತ್ತಾರೆ. ನೀನು ಬರೆಯುವುದೋ ಆರೇಳು ಸಾಲು. ಮುಗಿಸಿದರೆ "ಅಷ್ಟೇನಾ?" ಎಂದು ಮುಖ ಚಿಕ್ಕದು ಮಾಡುತ್ತಾರೆ. ಅದಕ್ಕೇ ನಾನು ಸ್ವಲ್ಪ ಎಳೆದು ಓದುತ್ತೇನೆ.

ಬೇಗ ಬರೆ.

ಗುಬ್ಬಿ

*

ಜನವರಿ 25

ಗುಬ್ಬಿ,

ವರದಿ ನೋಡಿದೆ. ಕವಾಟ ಕಿರಿದಾಗಿರುವುದು ನಿಜ. ಅವಸರ ಬೇಡ. ಮೊದಲು ತೂಕ ಇಳಿಯಲಿ. ಉಪ್ಪು ಕಡಿಮೆ ಮಾಡಲಿ, ಮೆಟ್ಟಿಲು ಹತ್ತುವುದು ಬೇಡ. ಶ್ವಾಸಕೋಶದ ಪರೀಕ್ಷೆ ಮಾಡಿಸಿ ಕಳಿಸು. ಇಸ್ತ್ರಿಯ ಬಿಸಿ ಒಳ್ಳೆಯದಲ್ಲ, ಅಂಗಡಿಯಲ್ಲಿ ನಿಲ್ಲುವುದನ್ನು ನಿಲ್ಲಿಸಲಿ. ಉಳಿದದ್ದು ಆಮೇಲೆ ನೋಡೋಣ.

ಇಲ್ಲಿ ವಿಭಾಗದ ಮುಖ್ಯಸ್ಥರು ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಓಡಾಟ ಬಹಳ.

ಅಣ್ಣ

*

ಫೆಬ್ರವರಿ 8

ಅಣ್ಣಾ,

ನಿನ್ನ ಪತ್ರ ಓದಿದ ದಿನ ಅಂಗಡಿಯಲ್ಲಿ ನೀನಿರಬೇಕಿತ್ತು. ಇಸ್ತ್ರಿಗೆ ಕೊಟ್ಟ ಕೋಟಿಗಾಗಿ ಕಾಯುತ್ತ ಮೂಲೆಮನೆ ಮೇಷ್ಟ್ರು ಇದ್ದರು, ಹೋಟೆಲಿನಿಂದ ಹಾಸಿಗೆಯ ಬಟ್ಟೆ ತಂದವನಿದ್ದ. ನಾನು ಓದುತ್ತ ಹೋದೆ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ಗದ್ದ ಎತ್ತಿಕೊಂಡು ಕೇಳಿದರು. ಮುಗಿದ ಮೇಲೆ ಮೇಷ್ಟ್ರಿಗೆ ಹೇಳಿದರು, "ಕೇಳಿಸ್ಕೊಂಡ್ರಾ? ಬೇರೆ ಯಾರ ಕೈಗೂ ಕೊಡಬೇಡ, ನಾನೇ ಮಾಡ್ತೀನಿ ಅಂತ ಬರ್ದಿದಾನೆ. ಬೇರೆಯೋರ ಮಕ್ಳು ಹಬ್ಬಕ್ಕೊಂದು ಸೀರೆ ಕಳಿಸ್ತಾರೆ. ನನ್ನ ಮಗ ಹೃದಯ ಹೊಲಿದುಕೊಡ್ತಾನೆ."

ಮೇಷ್ಟ್ರು ನನ್ನ ಕಡೆ ನೋಡಿ, "ಇವಳೂ ಓದಿದೋಳೇ ಅಲ್ವಾ?" ಅಂದರು.

"ಹೂಂ. ಒಬ್ಬ ಗೆದ್ದ, ಒಬ್ಬಳು ಓದಿದಳು" ಅಂದರು ದೊಡ್ಡಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಾಹಿತ್ಯ ಓದಿ ಔಷಧಿ ಚೀಟಿ ತಿದ್ದುವವಳು ಇನ್ನೇನು ಮಾಡಬೇಕು?

ನೀನು ಅಷ್ಟು ಬಿಡಿಸಿ ಬರೆದಿಲ್ಲ, ನನಗೆ ಗೊತ್ತು. ಆದರೆ ಬರೆದದ್ದರಲ್ಲಿ ಅದು ಇತ್ತಲ್ಲ. ಅವಸರ ಬೇಡ ಅನ್ನುವವನು, ಉಪ್ಪಿನಿಂದ ಮೆಟ್ಟಿಲಿನ ತನಕ ಯೋಚನೆ ಮಾಡಿದವನು, ಮನಸ್ಸಿನಲ್ಲಿ ಆಗಲೇ ಕೆಲಸ ಶುರು ಮಾಡಿದ್ದಾನೆ ಎಂದೇ ಅರ್ಥ. ಚಿಕ್ಕವನಿದ್ದಾಗಲೂ ನೀನು ಹೀಗೇ. ಜ್ವರದಲ್ಲಿ ಮಲಗಿದ ನನ್ನ ಹತ್ತಿರ ಬಂದು ಮೈ ಮುಟ್ಟದೆ ಕಿಟಕಿ ಮುಚ್ಚಿ ಹೋಗುತ್ತಿದ್ದೆ. ಆ ಕಿಟಕಿ ಮುಚ್ಚುವುದನ್ನು ನಾನು ಓದುವುದು ಕಲಿತದ್ದು ಆಗಲೇ.

ಶ್ವಾಸಕೋಶದ ವರದಿ ಇಟ್ಟಿದ್ದೇನೆ. ಇನ್ನೊಂದು ವಿಷಯ. ಇಲ್ಲಿನ ಆಸ್ಪತ್ರೆಯಲ್ಲಿ ದೊಡ್ಡಮ್ಮನನ್ನು ನೋಡಿದ್ದು ಒಬ್ಬ ಡಾಕ್ಟರಮ್ಮ. ಇನ್ನೂ ಚಿಕ್ಕ ವಯಸ್ಸು, ಮಾತು ಬಿರುಸು. ನಿನ್ನ ಕೈಕೆಳಗೆ ಕೆಲಸ ಮಾಡಿದ್ದರಂತೆ. ನಿನ್ನ ವಿಷಯ ಹೇಳಿದಾಗ ಏನೋ ಹೇಳಲು ಹೋಗಿ ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮಣ್ಣ ಮಾಡೋದಾದ್ರೆ ಬೇಗ ಮಾಡ್ಲಿ. ಇಲ್ಲದಿದ್ರೆ ನಾನು ರೆಡಿ. ಮಾರ್ಚ್ ದಾಟಿಸಬೇಡಿ" ಅಂದರು. ಇವರು ಹೇಗೆ? ನಂಬಬಹುದೇ? ಇಷ್ಟಕ್ಕೆ ಮಾತ್ರ ಮರೆಯದೆ ಉತ್ತರ ಬರೆ.

ಗುಬ್ಬಿ

*

ಮಾರ್ಚ್ 2

ಗುಬ್ಬಿ,

ಶ್ವಾಸಕೋಶದ ವರದಿ ಅಷ್ಟು ಚೆನ್ನಾಗಿಲ್ಲ. ಮೂತ್ರಪಿಂಡದ ಪರೀಕ್ಷೆಯೂ ಆಗಲಿ. ಒಂದು ತಿಂಗಳು ಮಾತ್ರೆ ತೆಗೆದುಕೊಳ್ಳಲಿ, ಚೀಟಿ ಇಟ್ಟಿದ್ದೇನೆ.

ಈ ತಿಂಗಳ ಕೊನೆಗೆ ಆಸ್ಪತ್ರೆಯ ವಾರ್ಷಿಕ ಸಮಾರಂಭ. ನಾನು ಮಾತನಾಡಬೇಕು. ಆಡಳಿತ ಮಂಡಳಿಯವರೆಲ್ಲ ಇರುತ್ತಾರೆ. ಎಂದಿನಂತೆ ನೀನೇ ಎರಡು ಪುಟ ಬರೆದು ಕಳಿಸು. ಇಷ್ಟು ವರ್ಷಗಳಲ್ಲಿ ನನ್ನ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ರೋಗಿಯೂ ತೀರಿಕೊಂಡಿಲ್ಲ ಎಂಬ ಮಾತು ಬರಬೇಕು. ಜಂಭ ಅನ್ನಿಸಬಾರದು. ನಿನಗೆ ಅದು ಬರುತ್ತದೆ.

ಅಣ್ಣ

*

ಮಾರ್ಚ್ 11

ಅಣ್ಣಾ,

ಭಾಷಣ ಇದರ ಜೊತೆ ಇದೆ. ನೀನು ಹೇಳಿದ ಮಾತನ್ನು ಹೀಗೆ ಹಾಕಿದ್ದೇನೆ: "ನನ್ನ ಕೈಗೆ ಬಂದವರೆಲ್ಲ ಮನೆಗೆ ಹೋಗಿದ್ದಾರೆ. ಇದು ನನ್ನ ಕೈಯ ಗುಣವಲ್ಲ, ಅವರಿಗಾಗಿ ಮನೆಯಲ್ಲಿ ಕಾಯುತ್ತಿದ್ದವರ ಗುಣ." ಬರೆದು ನಾನೇ ಎರಡು ಸಲ ಓದಿಕೊಂಡೆ. ದೊಡ್ಡಮ್ಮನಿಗೂ ಓದಿದೆ. "ನೋಡು, ಹೆಂಗ್ ಮಾತಾಡ್ತಾನೆ!" ಅಂದರು. ಬರೆದದ್ದು ಯಾರೆಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಗಿರಾಕಿ ಬಂದರು.

ಅಂಗಡಿ ಬಿಡು ಅಂದರೆ ಕೇಳುವುದಿಲ್ಲ. ಕುರ್ಚಿ ಹಾಕಿಕೊಂಡು ಕೂತೇ ಕಾಲರು, ತೋಳು ಮಾಡುತ್ತಾರೆ. ದೊಡ್ಡ ಬಟ್ಟೆ ನಾನು ಪ್ರೆಸ್ಸಿನಿಂದ ಬಂದ ಮೇಲೆ. ಒಂದು ಅಂಗಿಗೂ ಇನ್ನೊಂದಕ್ಕೂ ನಡುವೆ ಬಾಯಿ ತೆರೆದು ಉಸಿರು ಎಳೆಯುತ್ತಾರೆ. ಮಲಗಿದರೆ ಕಟ್ಟಿದಂತಾಗುತ್ತದೆ ಎಂದು ಈಗ ದಿಂಬು ಒರಗಿ ಕೂತೇ ನಿದ್ದೆ. ಡಾಕ್ಟರಮ್ಮ ಒಂದು ಸಂಜೆ ತಾವಾಗಿಯೇ ಅಂಗಡಿಗೆ ಬಂದರು. ಇಸ್ತ್ರಿಗೆ ಕೊಡುವ ನೆಪಕ್ಕೆ ಒಂದು ದುಪಟ್ಟಾ ಹಿಡಿದುಕೊಂಡಿದ್ದರು. "ಅಜ್ಜೀ, ಬನ್ನಿ, ಮುಂದಿನ ವಾರವೇ ಮಾಡಿಬಿಡೋಣ" ಅಂದರು.

"ನಿನ್ನ ಸಾಕಿದೋರು ಇದಾರಾ ತಾಯಿ?" ಎಂದು ಕೇಳಿದರು ದೊಡ್ಡಮ್ಮ.

"ಇದಾರೆ."

"ಅವರಿಗೆ ಮಾಡು. ನನಗೆ ನಾನು ಸಾಕಿದೋನು ಮಾಡ್ತಾನೆ."

ಆಕೆಯ ಬಗ್ಗೆ ನಾನು ಕೇಳಿದ್ದಕ್ಕೆ ನೀನು ಉತ್ತರಿಸಲಿಲ್ಲ. ಒಬ್ಬ ವೈದ್ಯ ಇನ್ನೊಬ್ಬರನ್ನು ಹಳಿಯಬಾರದು, ಅದಕ್ಕೆ ಸುಮ್ಮನಿದ್ದೀಯೆ ಎಂದು ಅರ್ಥ ಮಾಡಿಕೊಂಡೆ. ನೀನು ತಡ ಮಾಡುತ್ತಿರುವುದರ ಅರ್ಥವೂ ಆಗುತ್ತಿದೆ. ಎಷ್ಟೋ ಜನರ ಎದೆ ತೆರೆದ ಕೈ ಈ ಒಂದು ಎದೆಯ ಮುಂದೆ ನಡುಗುತ್ತಿದೆ, ಅಲ್ಲವೇ? ಅದನ್ನು ನೀನು ಬಾಯಿಬಿಟ್ಟು ಹೇಳುವವನಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಡುಗಿದ್ರೆ ನಡುಗಲಿ, ನಾನು ಹಿಡ್ಕೋತೀನಿ ಅಂತ ಬರಿ" ಅಂದರು. ಬರೆದಿದ್ದೇನೆ.

ಡಾಕ್ಟರಮ್ಮನಿಗೆ ಬೇಡ ಅಂದುಬಿಟ್ಟೆವು. ಏಪ್ರಿಲ್ ಮೊದಲ ವಾರ ನಾವೇ ಹೊರಟು ಬರುತ್ತೇವೆ.

ಗುಬ್ಬಿ

*

ಮಾರ್ಚ್ 29

ಗುಬ್ಬಿ,

ಈಗ ಅವರನ್ನು ಕರೆದುಕೊಂಡು ಬರಬೇಡ. ಪ್ರಯಾಣ ಆಗುವುದಿಲ್ಲ. ಮಾತ್ರೆ ಮುಂದುವರಿಸು. ಯಾವಾಗ ಬರಬೇಕು ಎಂದು ನಾನೇ ತಿಳಿಸುತ್ತೇನೆ.

ಭಾಷಣ ಚೆನ್ನಾಗಿ ಹೋಯಿತು. ಮನೆಗೆ ಹೋಗುವ ಮಾತು ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಣ್ಣ

*

ಏಪ್ರಿಲ್ 20

ಅಣ್ಣಾ,

ನಾನು ನಿನ್ನ ಆಸ್ಪತ್ರೆಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ.

ದೊಡ್ಡಮ್ಮನನ್ನು ಮೇಷ್ಟ್ರ ಹೆಂಡತಿಯ ಹತ್ತಿರ ಬಿಟ್ಟು, ಪ್ರೆಸ್ಸಿನ ಕೆಲಸ ಎಂದು ಸುಳ್ಳು ಹೇಳಿ ಹೊರಟೆ. ನಿನ್ನೆದುರು ಕೂತು ದಿನಾಂಕ ಕೇಳಿಕೊಂಡೇ ಬರಬೇಕು ಎಂದುಕೊಂಡಿದ್ದೆ. ಸಹಾಯಕಿಗೆ ತಂಗಿ ಎಂದು ಹೇಳಲು ಮತ್ತೆ ನಾಲಿಗೆ ಏಳಲಿಲ್ಲ. ಟೋಕನ್ ತೆಗೆದುಕೊಂಡು ಎಲ್ಲರ ಜೊತೆ ನಿನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಎದುರಿನ ಗೋಡೆಗೆ ಗಾಜಿನ ಫಲಕ ಇದೆಯಲ್ಲ, ಒಬ್ಬೊಬ್ಬ ಶಸ್ತ್ರವೈದ್ಯರ ಹೆಸರಿನ ಮುಂದೆ ಎಷ್ಟು ಜನಕ್ಕೆ ಮಾಡಿದರು, ಎಷ್ಟು ಜನ ಹೋದರು ಎಂದು ಬರೆದದ್ದು. ನಿನ್ನ ಹೆಸರಿನ ಕೊನೆಯ ಮನೆಯಲ್ಲಿ ಸೊನ್ನೆ. ಅದನ್ನು ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ. ಹೆಮ್ಮೆಯಿಂದಲೇ ನೋಡಿದೆ.

ಪಕ್ಕದಲ್ಲಿ ಒಬ್ಬಾಕೆ ಗಂಡನ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಗುಮುಖ. ನಿನ್ನ ಕೋಣೆಯಿಂದ ಈಗತಾನೇ ಬಂದಿದ್ದರು. "ಒಪ್ಕೊಂಡ್ರು ಕಣಮ್ಮಾ!" ಎಂದು ನನ್ನ ಕೈ ಹಿಡಿದುಕೊಂಡರು. "ಇನ್ನು ಭಯ ಇಲ್ಲ. ಈ ಡಾಕ್ಟ್ರು ಒಪ್ಕೊಂಡ್ರು ಅಂದ್ರೆ ಬದುಕ್ತಾರೆ ಅಂತಾನೇ ಲೆಕ್ಕ."

"ಅಷ್ಟು ಒಳ್ಳೆ ಕೈಯಾ?" ಎಂದೆ, ಇನ್ನಷ್ಟು ಹೊಗಳಲಿ ಎಂಬ ಆಸೆಯಿಂದ.

"ಕೈ ಒಳ್ಳೇದೇ. ಅದಕ್ಕಿಂತ ಕಣ್ಣು ಒಳ್ಳೇದು. ಉಳಿಯೋರು ಯಾರು, ಹೋಗೋರು ಯಾರು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತಂತೆ. ಹೋಗೋ ಥರ ಇದ್ರೆ ಕೈ ಹಾಕೋದೇ ಇಲ್ಲ."

"ಇಲ್ಲ ಅಂತಾರಾ?"

"ಇಲ್ಲ ಅನ್ನಲ್ಲಮ್ಮಾ, ಬಾಯಲ್ಲಿ ಯಾರಿಗೂ ಇಲ್ಲ ಅನ್ನಲ್ಲ. ಭಾಳ ಮರ್ಯಾದಸ್ಥರು. ತೂಕ ಇಳಿಸ್ಕೊಂಡು ಬನ್ನಿ ಅಂತಾರೆ, ಇನ್ನೊಂದು ಟೆಸ್ಟು ಮಾಡಿಸಿ ಅಂತಾರೆ, ಮಾತ್ರೆ ಬರೀತಾರೆ. ಅವಸರ ಬೇಡ ನೋಡೋಣ ಅಂದ್ರೆ ಮುಗೀತು, ಬೇರೆ ಕಡೆ ಹೋಗ್ಬೇಕು. ಇಲ್ಲಿ ಎಲ್ರಿಗೂ ಗೊತ್ತು ಅದು."

ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಆಮೇಲೆ ನಿನ್ನ ಕೋಣೆಯಿಂದ ಮಗನ ತೋಳು ಹಿಡಿದುಕೊಂಡು ಒಬ್ಬ ಮುದುಕರು ಹೊರಗೆ ಬಂದರು. ಅವರ ಕೈಯಲ್ಲಿ ಮೂತ್ರಪಿಂಡದ ಪರೀಕ್ಷೆಗೆ ಚೀಟಿ. ಅವರ ಹಿಂದೆಯೇ ನೀನು ಬಂದೆ. ನನ್ನ ಮೊಣಕಾಲಿಗೆ ನಿನ್ನ ಬಿಳಿ ಕೋಟಿನ ಅಂಚು ತಾಗಿತು. "ದಾರಿ ಬಿಡಿ" ಎಂದೆ ನೀನು, ಮುಖ ನೋಡದೆ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಟೋಕನನ್ನು ಬೆಂಚಿನ ಮೇಲೆ ಇಟ್ಟು ಊರಿಗೆ ಬಂದೆ.

ಈಗ ನಾನು ಅರ್ಥ ಹುಡುಕುವುದಿಲ್ಲ. ನೀನೇ ಹೇಳು. ದೊಡ್ಡಮ್ಮನಿಗೆ ನೀನು ಮಾಡುತ್ತೀಯೋ ಇಲ್ಲವೋ?

ಗುಬ್ಬಿ

*

ಮೇ 1

ಗುಬ್ಬಿ,

ಮಾಡುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೀನು ಮತ್ತೆ ಏನಾದರೂ ಅರ್ಥ ಕಟ್ಟುತ್ತೀಯೆ, ಅದಕ್ಕೆ ಪೂರ್ತಿ ಬರೆಯುತ್ತೇನೆ. ಸ್ವಂತದವರಿಗೆ ನಾವು ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿ ಇಲ್ಲ. ಮೊದಲ ಪತ್ರದಲ್ಲೇ ಈ ಒಂದು ಸಾಲು ಬರೆದು ಮುಗಿಸಬಹುದಿತ್ತು. ಬರೆದಿದ್ದರೆ ನೀನು "ಹಾಗಾದರೆ ನಿನ್ನ ಜೊತೆಯವರ ಕೈಲಿ ಮಾಡಿಸು" ಅನ್ನುತ್ತಿದ್ದೆ. ನಮ್ಮ ವಿಭಾಗದಲ್ಲಿ ಯಾರು ಮಾಡಿದರೂ ಸಾವು ವಿಭಾಗದ ಲೆಕ್ಕಕ್ಕೆ ಹೋಗುತ್ತದೆ. ಮುಖ್ಯಸ್ಥರ ಹುದ್ದೆಗೆ ನನ್ನ ಹೆಸರು ಓಡುತ್ತಿರುವ ಈ ವರ್ಷ ವಿಭಾಗ ಅಂದರೆ ನಾನು.

ದೊಡ್ಡಮ್ಮನ ವಯಸ್ಸು, ತೂಕ, ಶ್ವಾಸಕೋಶ ಎಲ್ಲ ಸೇರಿಸಿದರೆ ಜನವರಿಯಲ್ಲಿ ಅವರು ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು. ಆದರೆ ಖಾತ್ರಿ ಇರಲಿಲ್ಲ. ನಾನು ಖಾತ್ರಿ ಇಲ್ಲದ್ದನ್ನು ಮುಟ್ಟುವುದಿಲ್ಲ. ಇದನ್ನು ಕೇಳಿ ನಿನಗೆ ಅಸಹ್ಯವಾಗಬಹುದು. ಆ ಗಾಜಿನ ಫಲಕದಲ್ಲಿ ಸೊನ್ನೆ ಒಂದಾಗಲಿ, ಆಗ ನೋಡು. ಬದುಕಿ ಮನೆಗೆ ಹೋದವರು ಯಾರಿಗೂ ನೆನಪಾಗುವುದಿಲ್ಲ. ನೀನು ಕೇಳಿದ ಡಾಕ್ಟರಮ್ಮನಿಗೆ ಆದದ್ದು ಅದೇ. ನಾವು ವಾಪಸು ಕಳಿಸಿದವರನ್ನೆಲ್ಲ ಆಕೆ ಒಪ್ಪಿಕೊಂಡಳು. ಇಬ್ಬರು ಹೋದರು. ಆಕೆಯನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಆಡಳಿತ ಮಂಡಳಿಯವರು ಕೇಳಿದಾಗ ನಾನು ಸುಮ್ಮನಿದ್ದೆ.

ಆಕೆಯ ಕೈ ಒಳ್ಳೆಯ ಕೈ. ನನಗಿಂತ ಒಳ್ಳೆಯದು ಎಂದರೂ ತಪ್ಪಲ್ಲ. ನೀನು ಕೇಳಿದಾಗಲೇ ಇದನ್ನು ಬರೆಯಬೇಕಿತ್ತು. ನನ್ನ ದೊಡ್ಡಮ್ಮ ನಾನು ಹೊರಗೆ ಹಾಕಿಸಿದವಳ ಕೈಯಲ್ಲಿ ಉಳಿದರು ಎಂದಾದರೆ ಇಲ್ಲಿ ಏನೆನ್ನುತ್ತಾರೆ ಎಂದು ಯೋಚಿಸಿದೆ. ಯೋಚಿಸಿದ್ದು ನಿಜ.

ಆದರೆ ಒಂದು ವಿಷಯ ನೀನೂ ಒಪ್ಪಿಕೊಳ್ಳಬೇಕು. ನಾನೇ ಮಾಡುತ್ತೇನೆ ಎಂದು ನಾನು ಎಲ್ಲೂ ಬರೆದಿಲ್ಲ. ನನ್ನ ಪತ್ರಗಳನ್ನು ತೆಗೆದು ನೋಡು. ಅದನ್ನು ಓದಿದವಳು ನೀನು. ನನ್ನ ಕೈ ನಡುಗುತ್ತಿದೆ ಎಂದು ಬರೆದವಳೂ ನೀನೇ. ಓದಲು ಚೆನ್ನಾಗಿತ್ತು, ಹಾಗಾಗಿ ನಾನು ತಿದ್ದಲಿಲ್ಲ.

ಇನ್ನು ತಡ ಮಾಡಬೇಡ. ಆಕೆಯ ಹತ್ತಿರ ಕರೆದುಕೊಂಡು ಹೋಗು.

ಅಣ್ಣ

*

ಮೇ 9

ಅಣ್ಣಾ,

ನೀನು ಹೇಳಿದ್ದು ಸರಿ. ಸೇರಿಸಿ ಓದಿದವಳು ನಾನು. ಅದನ್ನು ನಾನು ಹೊರುತ್ತೇನೆ, ಈಗ ಅದಕ್ಕೆ ಹೊತ್ತಿಲ್ಲ.

ಡಾಕ್ಟರಮ್ಮ ಮತ್ತೆ ನೋಡಿದರು. ಹೃದಯ ಸೋತುಹೋಗಿದೆ, ಕಾಲು ಊದಿಕೊಂಡಿದೆ, ಈಗ ಮಾಡಿದರೆ ಉಳಿಯುವ ಆಸೆ ಸಣ್ಣದು ಎಂದರು. "ಆದ್ರೂ ಮಾಡ್ತೀನಿ. ಅವರು ಒಪ್ಪಬೇಕು" ಅಂದರು. ಮಾರ್ಚಿನ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ದೊಡ್ಡಮ್ಮ ಒಪ್ಪುತ್ತಿಲ್ಲ. "ಅವನು ದಿನ ನೋಡ್ತಿದಾನೆ. ಮಧ್ಯ ಇನ್ನೊಬ್ಬರ ಕೈಲಿ ಮಾಡಿಸ್ಕೊಂಡ್ರೆ ಅವನಿಗೆ ಹೆಂಗಾಗುತ್ತೆ? ನನ್ನ ಮೇಲೆ ನಂಬಿಕೆ ಇಲ್ಲ ಅನ್ಕೊಳ್ಳಲ್ವಾ?" ಅನ್ನುತ್ತಾರೆ. ನೀನು ಬರೆದದ್ದನ್ನು ಹೇಳಲು ಮೂರು ಸಲ ಹೋದೆ. ಅವರ ಮುಖ ನೋಡಿ ವಾಪಸು ಬಂದೆ.

ಕೇಳಿಕೊಳ್ಳುತ್ತಿದ್ದೇನೆ. ಒಂದು ದಿನಕ್ಕೆ ಬಾ. ನೀನು ಕತ್ತರಿ ಹಿಡಿಯುವುದು ಬೇಡ. ಆಸ್ಪತ್ರೆ ನಿನ್ನದಲ್ಲ, ಅಲ್ಲಿ ಏನೇ ಆದರೂ ನಿನ್ನ ಫಲಕಕ್ಕೆ ಬರುವುದಿಲ್ಲ. ಅವರ ತಲೆಯ ಹತ್ತಿರ ನಿಂತು "ಈಕೆ ನನ್ನ ಹತ್ತಿರ ಕಲಿತವಳು, ಮಾಡಿಸ್ಕೋ ದೊಡ್ಡಮ್ಮ" ಅಂದರೆ ಸಾಕು. ನಿನ್ನ ಬಾಯಿಂದ ಬಂದರೆ ಕೇಳುತ್ತಾರೆ. ನಾನು ಹೇಳಿದರೆ ಕೇಳುವುದಿಲ್ಲ.

ಗುಬ್ಬಿ

*

ಮೇ 18

ಗುಬ್ಬಿ,

ಇಪ್ಪತ್ತಾರಕ್ಕೆ ಆಯ್ಕೆ ಸಮಿತಿಯ ಮುಂದೆ ಹೋಗಬೇಕು. ಅಲ್ಲಿಯವರೆಗೆ ರಜೆ ಕೇಳುವಂತಿಲ್ಲ. ಅದಾದ ಮೇಲೆ ನೋಡೋಣ. ಅಷ್ಟರವರೆಗೆ ನೀರು ಕಡಿಮೆ ಕುಡಿಯಲಿ, ತಲೆ ಎತ್ತರದಲ್ಲಿಟ್ಟು ಮಲಗಲಿ. ಆಕೆಯ ಮಾತಿನಂತೆ ನಡೆದುಕೊಳ್ಳಿ.

ಅಣ್ಣ

*

ಜೂನ್ 20

ಗುಬ್ಬಿ,

ಇದು ನನ್ನ ಎರಡನೆಯ ಪತ್ರ. ಮೊದಲನೆಯದನ್ನು ಹರಿದುಹಾಕಿದೆ. ದೊಡ್ಡಮ್ಮ ಹೋದ ದಿನ ನೀನು ಫೋನ್ ಮಾಡಿದಾಗ ನಾನು ಥಿಯೇಟರಿನಲ್ಲಿದ್ದೆ. ಸಹಾಯಕಿ ಸಂಜೆ ಹೇಳಿದಳು. ಆಗ ಹೊರಟಿದ್ದರೂ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು ಎಂದು ಲೆಕ್ಕ ಹಾಕಿ ಹೊರಡಲಿಲ್ಲ. ಆಮೇಲೆ ಬರಲು ಮುಖವಿರಲಿಲ್ಲ.

ಹುದ್ದೆ ನನಗೇ ಬಂತು. ಜುಲೈ ಒಂದರಿಂದ ವಿಭಾಗ ನನ್ನದು. ಕೋಣೆ ಆಗಲೇ ಬದಲಾಗಿದೆ, ಎರಡು ಕಿಟಕಿ ಇವೆ. ಹತ್ತರಂದು ಸನ್ಮಾನ ಇಟ್ಟುಕೊಂಡಿದ್ದಾರೆ. ಬೆಳೆಸಿದ ತಾಯಿಯ ಬಗ್ಗೆ ನಾಲ್ಕು ಮಾತು ಆಡಿದರೆ ಚೆನ್ನ ಎಂದು ಸಂಘಟಕರು ಹೇಳಿದರು. ಕೂತು ಬರೆಯಲು ನೋಡಿದೆ. ಇಸ್ತ್ರಿಯ ವಾಸನೆ ಬಿಟ್ಟರೆ ಏನೂ ನೆನಪಾಗಲಿಲ್ಲ. ಅವರು ಏನು ಇಷ್ಟಪಡುತ್ತಿದ್ದರು, ಏನು ಹಾಡುತ್ತಿದ್ದರು, ಹಾಡುತ್ತಿದ್ದರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನೀನು ನಾಲ್ಕು ಸಾಲು ಬರೆದುಕೊಡುತ್ತೀಯಾ? ಕೇಳುವ ಯೋಗ್ಯತೆ ಇಲ್ಲ, ಆದರೂ ಕೇಳುತ್ತಿದ್ದೇನೆ.

ಭಾಷಣಕ್ಕಲ್ಲ, ನನಗಾಗಿ ಇನ್ನೊಂದು ಮಾತು. ಕೊನೆಗೆ ನನ್ನ ಬಗ್ಗೆ ಏನಾದರೂ ಹೇಳಿದರಾ? ಬೈದಿದ್ದರೂ ಪರವಾಗಿಲ್ಲ. ಬರೆ.

ಅಣ್ಣ

*

ಜುಲೈ 2

ಡಾಕ್ಟರಿಗೆ,

ಭಾಷಣಕ್ಕೆ ನಾಲ್ಕು ಸಾಲು ನನ್ನಿಂದಾಗುವುದಿಲ್ಲ. ನಿಮ್ಮ ಪರವಾಗಿ ಬರೆಯುವುದನ್ನು ನಿಲ್ಲಿಸಿದ್ದೇನೆ. ಕೊನೆಗೆ ಏನು ಹೇಳಿದರು ಎಂದು ಕೇಳಿದ್ದೀರಿ. ಅದನ್ನು ನಡೆದಂತೆಯೇ ಬರೆಯುತ್ತೇನೆ.

ಮೇ ಹದಿನೆಂಟರ ನಿಮ್ಮ ಪತ್ರ ಮಧ್ಯಾಹ್ನ ಬಂತು. ಅವರು ಅಂಗಡಿಯ ಒಳಗೆ ಕುರ್ಚಿಯಲ್ಲಿದ್ದರು. ಕೆಲಸ ನಿಂತುಹೋಗಿ ಎಷ್ಟೋ ದಿನವಾಗಿತ್ತು, ಆದರೂ ಬಾಗಿಲು ತೆಗೆಸಿ ಅಲ್ಲೇ ಕೂರುತ್ತಿದ್ದರು. ಮೇಷ್ಟ್ರು ನೋಡಿಕೊಂಡು ಹೋಗಲು ಬಂದಿದ್ದರು. "ಓದೇ ಗುಬ್ಬಿ" ಅಂದರು ದೊಡ್ಡಮ್ಮ. ಆ ದಿನ ಒಂದು ಅಕ್ಷರ ಸೇರಿಸಬಾರದು ಎಂದು ತೀರ್ಮಾನ ಮಾಡಿದ್ದೆ. ಅವರು ನಿಜ ಕೇಳಲಿ, ಸಿಟ್ಟು ಬರಲಿ, ಸಿಟ್ಟಿನಲ್ಲಾದರೂ ಡಾಕ್ಟರಮ್ಮನಿಗೆ ಹೂಂ ಅನ್ನಲಿ ಎಂಬ ಒಂದೇ ಆಸೆ ಉಳಿದಿತ್ತು. ಹಾಗಾಗಿ ಸಮಿತಿ, ರಜೆ, ನೀರು ಕಡಿಮೆ ಎಲ್ಲವನ್ನೂ ನೀವು ಬರೆದಂತೆಯೇ ಓದಿದೆ.

ಅವರು ಕಾದರು. ಆಮೇಲೆ "ಮುಂದಕ್ಕೆ ಓದು" ಅಂದರು.

"ಇಷ್ಟೇ ದೊಡ್ಡಮ್ಮ."

"ಸುಳ್ಳು. ಮಧ್ಯ ಮಧ್ಯ ನುಂಗ್ತಿದೀಯ."

"ಇಲ್ಲ ದೊಡ್ಡಮ್ಮ. ಅಣ್ಣ ಬರ್ದಿರೋದೇ ಇಷ್ಟು. ಯಾವಾಗ್ಲೂ ಇಷ್ಟೇ ಬರೀತಿದ್ದ. ಉಳಿದದ್ದೆಲ್ಲ ನಾನು…"

"ಬಾಯ್ಮುಚ್ಚು." ಉಸಿರು ಸಿಗದೆ ತಡೆದು ತಡೆದು ಹೇಳಿದರು. "ನನ್ನ ಮಗನ ಮಾತು ನನಗೆ ಗೊತ್ತಿಲ್ವಾ? ಅವನು ಬರೆಯೋದು ಹಿಂಗಲ್ಲ. ನಿನಗೆ ಹೊಟ್ಟೆಕಿಚ್ಚು. ಅವನಷ್ಟೇ ಓದ್ದೆ, ಅವನು ಎಲ್ಲಿದಾನೆ, ನೀನು ಎಲ್ಲಿದೀಯ? ಅದಕ್ಕೇ ಅವನು ನನಗೆ ಬರ್ದಿದ್ದನ್ನ ಬಚ್ಚಿಡ್ತಿದೀಯ."

ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಅದೇ ಸಮಿತಿ, ಅದೇ ರಜೆ. ದೊಡ್ಡಮ್ಮ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿದರು. "ಮೇಷ್ಟ್ರಿಗೂ ಹೇಳ್ಕೊಟ್ಟಿದೀಯ" ಅಂದರು. ಮೇಷ್ಟ್ರು ಕಾಗದ ಮಡಿಸಿ ಮೇಜಿನ ಮೇಲಿಟ್ಟು ಎದ್ದು ಹೋದರು.

ಅಲ್ಲಿಂದ ನನ್ನ ಜೊತೆ ಮಾತಿಲ್ಲ. ಮಾತ್ರೆ ಕೊಡಲು ಹೋದರೆ ಮುಖ ಗೋಡೆಗೆ. ನೀರು ಕೊಟ್ಟರೆ ಕೈ ತಳ್ಳಿದರು. ನನ್ನ ಕೈಯ ನೀರನ್ನು ಅವರು ಬೇಡ ಅಂದದ್ದು ಅದೇ ಮೊದಲು. ದೀಪ ಹಚ್ಚುವ ಹೊತ್ತಿಗೆ ತುಟಿ ನೀಲಿಗೆ ತಿರುಗಿತು. ಡಾಕ್ಟರಮ್ಮನಿಗೆ ಹೇಳಿ ಕಳಿಸಿದೆ. ಅವರು ಬರುವುದರೊಳಗೆ ದೊಡ್ಡಮ್ಮ ಗೋಡೆ ನೋಡುತ್ತಲೇ ಕೇಳಿದರು, "ಈಗಲಾದ್ರೂ ಸರಿಯಾಗಿ ಓದ್ತೀಯೇನೇ?"

ನಾನು ಕಾಗದ ತೆಗೆದುಕೊಂಡೆ. ಓದಿದೆ.

"ದೊಡ್ಡಮ್ಮ, ರಜೆ ಬೇಕಂತ ಹಟ ಹಿಡಿದು ಕೂತಿದೀನಿ. ಕೊಟ್ರೆ ಸರಿ, ಕೊಡದಿದ್ರೆ ಕೆಲಸ ಬಿಟ್ಟು ಬರ್ತೀನಿ. ನಿನ್ನ ಎದೆಗೆ ಬೇರೆ ಯಾರೂ ಕೈ ಹಾಕಬಾರದು. ನಾನು ಇಷ್ಟು ಜನಕ್ಕೆ ಮಾಡಿದ್ದೆಲ್ಲ ನಿನಗೆ ಮಾಡೋಕೆ ಕಲಿತದ್ದು." ಇನ್ನೂ ಓದಿದೆ. ಆ ಕಾಗದದಲ್ಲಿ ಹಿಡಿಯದಷ್ಟು ಓದಿದೆ. ನನ್ನ ದನಿ ನನಗೇ ನಿಮ್ಮ ದನಿಯಂತೆ ಕೇಳಿಸಿತು.

ಅವರು ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ನೋಡಿದ್ಯಾ" ಅಂದರು. "ಇಷ್ಟೆಲ್ಲ ಇಟ್ಕೊಂಡು ಯಾಕೇ ಬಚ್ಚಿಟ್ಟೆ? ನಾನೇನು ನಿನ್ನ ಬಿಟ್ಟು ಅವನೊಬ್ಬನ್ನೇ ಸಾಕಿದ್ನಾ?"

"ತಪ್ಪಾಯ್ತು ದೊಡ್ಡಮ್ಮ" ಅಂದೆ.

"ಹೋಗ್ಲಿ ಬಿಡು" ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ನೀರು ಕುಡಿದರು. ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು. ಅವರಿಗೂ ಹೇಳಿದರು, ಮಗ ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಎಂದು. ಬೆಳಗ್ಗೆ ದೊಡ್ಡಮ್ಮ ಹೋದರು.

ಅವರು ಕ್ಷಮಿಸಿದ್ದು ನನ್ನನ್ನು. ನೀವು ಕ್ಷಮೆ ಕೇಳಬೇಕಾದದ್ದು ಏನಾದರೂ ಇದೆ ಎಂದು ಅವರಿಗೆ ಗೊತ್ತೇ ಆಗಲಿಲ್ಲ.

ಗುಬ್ಬಿ